ಓನೆಸೀಮನ ಮೂಗು

ಮೂವತ್ತು ವರ್ಷದಿಂದ ಸಿರಾ ವೈನ್ ಮಾಡುವ ಓನೆಸೀಮನಿಗೆ
ಮೆಣಸಿನ ಘಮ ಗೊತ್ತಾಗುವುದಿಲ್ಲ.
ನೆಗಡಿಯಲ್ಲ. ವಯಸ್ಸೂ ಅಲ್ಲ.
ಐದು ಜನರಲ್ಲಿ ಒಬ್ಬರಿಗೆ ಹೀಗಂತೆ, ಹುಟ್ಟಿದಾಗಿನಿಂದ
ಆ ಒಂದು ಬಾಗಿಲು ಮಾತ್ರ ಮುಚ್ಚಿರುತ್ತದೆ.
ಉಳಿದದ್ದೆಲ್ಲ ಬರುತ್ತದೆ: ಒದ್ದೆ ಕಲ್ಲು, ಹಿಪ್ಪುನೇರಳೆ,
ಹೊಗೆ ಹಿಡಿದ ಹಂದಿಮಾಂಸ,
ಎರಡು ಗೋಡೆಯಾಚೆ ನಾನು ಕದ್ದು ಸೇದುವ ಸಿಗರೇಟು.

ನಾನು ಬಂದದ್ದು ಕೊಯ್ಲಿಗೆ, ಆರು ವಾರಕ್ಕೆ,
ಬ್ರಗಾನ್ಸಾದಿಂದ ಬಸ್ಸಿನಲ್ಲಿ, ಒಂದು ಹಗಲು ಎರಡು ರಾತ್ರಿ.
ವಾಲೆಯ ಈ ಇಳಿಜಾರಿನಲ್ಲಿ ನಿಲ್ಲುವುದು ಕಲಿಯಲಿಕ್ಕೇ ಒಂದು ವಾರ:
ಒಂದು ಕಾಲು ಯಾವಾಗಲೂ ಇನ್ನೊಂದಕ್ಕಿಂತ ಮೇಲೆ,
ಬುಟ್ಟಿ ಕೆಳಗಿಟ್ಟರೆ ಸೀದಾ ರೋನ್ ನದಿಗೇ.
ಕೊನೆಯ ದಿನ ಹಳೆಯ ಪೀಪಾಯಿಯಿಂದ ಒಂದು ಲೋಟ ಕೊಟ್ಟ.
"ಯಾರು ಇದಕ್ಕೆ ಕರಿಮೆಣಸು ಹಾಕಿದ್ದು?" ಅಂದೆ.
ಲೋಟ ಕಸಿದುಕೊಂಡು ಮೂಸಿದ, ಮತ್ತೆ ಮೂಸಿದ,
ನನ್ನ ಮುಖ ನೋಡಿದ.
ಆರು ವಾರ ಇಪ್ಪತ್ತೆರಡು ವರ್ಷವಾಯಿತು.

ಹೇಳಲು ಕಲಿತೆ.
ಚಳಿಯ ವರ್ಷ, ಗೊಂಚಲು ಅಕ್ಟೋಬರಿನ ತನಕ
ತಡೆದು ತಡೆದು ಕಪ್ಪಾದರೆ,
ಮೆಣಸು ಈಗಷ್ಟೇ ಕುಟ್ಟಿದ ಹಾಗೆ ಏಳುತ್ತದೆ.
ಅದರ ಹಿಂದೆ ಒಂದು ಹೂವು, ಹೆಸರು ಕೇಳಬೇಡಿ,
ಅಜ್ಜಿಯ ಕಪಾಟಿನಲ್ಲಿ, ಮಡಿಸಿದ ದುಪ್ಪಟಿಗಳ ನಡುವೆ ಇರುತ್ತಿತ್ತು.
ಆಮೇಲೆ ಆಲಿವ್, ಉಪ್ಪುನೀರಿನದು.
ಕೊನೆಗೆ ಒಗರು. ಬೆಕ್ಕಿನ ನಾಲಿಗೆಯಂತೆ ವಸಡು ಸವರಿ
ಹೋಗುತ್ತದೆ; ಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬರುತ್ತದೆ,
ಛತ್ರಿ ಮರೆತವರಂತೆ.

ಊಟದ ವಿಷಯಕ್ಕೆ ಮಾತ್ರ ಜಗಳ.
ಅವನದು: ಬೆಟ್ಟದ ಶಾಮ್ವಾ ಆಡು, ಮೂರು ದಿನ ನೆನೆಸಿದ್ದು,
ಕೆಂಪು ಕೋಸು, ಬೇಯಿಸಿದ ಪೇರ್ ಹಣ್ಣು.
ಅಪ್ಪನಿಂದ ಬಂದದ್ದು, ಚರ್ಚೆಯಿಲ್ಲ.
ನನ್ನದು: ಆ ಹಣ್ಣಿನ ಸಿಹಿ ಎದುರು ಕೂತರೆ
ನಿನ್ನ ವೈನು ಹುಳಿಮೋರೆ ಮುದುಕನಾಗುತ್ತದೆ, ತೆಗೆ ಅದನ್ನು.
ಕಾಗದದಷ್ಟು ತೆಳ್ಳಗೆ ಹೆರೆದ ಒಣಮಾಂಸ, ರೈ ರೊಟ್ಟಿಯ ಸೀದ ಅಂಚು,
ಇಲ್ಲವೇ ನಮ್ಮೂರ ಬೆಳ್ಳುಳ್ಳಿ ಸಾಸೇಜು,
ಕಬ್ಬಿಣದ ಕಾವಲಿಯಲ್ಲಿ ಚರ್ಮ ಬಿರಿಯುವ ತನಕ.
ಜಿಡ್ಡು ಸಿಕ್ಕರೆ ಒಗರು ತಾನೇ ತಣ್ಣಗಾಗುತ್ತದೆ.
ಗೊಣಗುತ್ತಾನೆ. ಇನ್ನೊಂದು ತುಂಡು ಕೊಯ್ದುಕೊಳ್ಳುತ್ತಾನೆ.

ಮೂರು ವರ್ಷದ ಹಿಂದೆ ಬಿಸಿಲು ಬೆಟ್ಟವನ್ನೇ ಬಾಣಲೆ ಮಾಡಿತ್ತು.
ಸೆಪ್ಟೆಂಬರಿನ ಮೊದಲ ವಾರಕ್ಕೇ ಕೊಯ್ಲು ಮುಗಿಯಿತು.
ಲೋಟದಲ್ಲಿ ಜಾಮು, ಕಾಫಿ, ಧಗೆ.
ಮೆಣಸಿಲ್ಲ. ಹುಡುಕಿದೆ, ಕಳೆದ ಕೀಲಿಕೈಯನ್ನು
ನೋಡಿದ ಜೇಬಿನಲ್ಲೇ ಮತ್ತೆ ಮತ್ತೆ ಹುಡುಕುವ ಹಾಗೆ.
ಜ್ಯೂರಿಕ್ಕಿನಿಂದ ಬಂದವನು ಪೆನ್ನು ಹಿಡಿದು ಕಾದಿದ್ದ.
ಓನೆಸೀಮ್ ನನ್ನ ಕಡೆ ತಿರುಗಿದ.
"ಇದೆ," ಅಂದೆ. "ಸ್ವಲ್ಪ. ಹಿಂದುಗಡೆ."
ಆರುನೂರು ಬಾಟಲಿ ಕೊಂಡ.

ಈ ಭಾನುವಾರ ಅಂಗಳದಲ್ಲಿ ಹೊಸ ಚೆಸ್ಟ್‌ನಟ್ ಸುಡುತ್ತಿದ್ದೆವು,
ತೂತಿನ ಬಾಣಲೆ, ಉಗುರಿಗೆಲ್ಲ ಮಸಿ,
ಬೇಸಿಗೆಯ ಹುಲ್ಲಿನ ಚೀಸು, ಸೇಬಿನ ಹೋಳು.
ಆ ವರ್ಷದ ಬಾಟಲಿಯನ್ನೇ ತಂದ. ಬಿರಡೆ ಕಿತ್ತ. ಸುರಿದ.
ಮತ್ತೆ ಒಳಗೆ ಹೋಗಿ
ಮೆಣಸು ಬೀಸುವ ಮರದ ಗಿರಣಿ ತಂದು
ನನ್ನ ಲೋಟದ ಪಕ್ಕ ಇಟ್ಟ.

ಇಷ್ಟು ವರ್ಷ ಅವನು ಲೋಟ ನೋಡುತ್ತಿರಲಿಲ್ಲ.
ನನ್ನ ಮೂಗಿನ ಹೊಳ್ಳೆ ನೋಡುತ್ತಿದ್ದ.

ಗಿರಣಿ ಎತ್ತಿ ಎರಡು ಸುತ್ತು ತಿರುಗಿಸಿದೆ, ಚೀಸಿನ ಮೇಲೆ.
ತಿಂದೆ. ಕುಡಿದೆ.
ಬಿಸಿಲಿನ ವೈನಿಗೆ ಚೆಸ್ಟ್‌ನಟ್ಟಿನ ಹಿಟ್ಟುಹಿಟ್ಟು ಸಿಹಿ
ಏನೂ ತಪ್ಪಿರಲಿಲ್ಲ, ನಿಜ ಹೇಳಬೇಕೆಂದರೆ.
"ಆ ವರ್ಷ ಇರಲಿಲ್ಲ," ಅಂದೆ.
ತಲೆಯಾಡಿಸಿ ಬಾಣಲೆಗೆ ಇನ್ನೊಂದು ಹಿಡಿ ಹಾಕಿದ.
ಗೀರು ಹಾಕಲು ಮರೆತದ್ದೊಂದು
ಪಟ್ಟೆಂದು ಸಿಡಿಯಿತು.
ಇಬ್ಬರೂ ಬೆಚ್ಚಿದೆವು.