ರಾಳದೊಳಗಿನ ದುಂಬಿ

ಉದ್ದ: ಒಂದೂಮುಕ್ಕಾಲು ಮಿಲಿಮೀಟರ್.
"ಎಳ್ಳಿಗಿಂತ ಗಿಡ್ಡ" ಎಂದು ಬರೆದು, ಹೊಡೆದುಹಾಕಿದೆ.
ಮೀಸೆಗೆ ಹನ್ನೊಂದು ಗೆಣ್ಣು, ಕೊನೆಯ ಮೂರು ಗದೆಯಂತೆ ದಪ್ಪ.
ಎಡ ಹಿಂಗಾಲು ಗಾಳಿಗುಳ್ಳೆಯ ಮರೆಯಲ್ಲಿ.
ಗಂಡೋ ಹೆಣ್ಣೋ, ತಿಳಿಯದು.

ಗುಜರಾತಿನ ಗಣಿಯ ಈ ರಾಳದ ಚೂರನ್ನು
ನಗರ್ತಪೇಟೆಯ ದಸ್ತಗೀರಣ್ಣ ಮೂರು ದಿನ ಉಜ್ಜಿಕೊಟ್ಟ.
"ಹರಳಲ್ಲಮ್ಮ ಇದು, ಮರದ ಅಂಟು.
ಒಳಗಿರೋದಕ್ಕೆ ನೋವಾದೀತು ಅಂತ ತಡ ಆಯ್ತು."

ಐದು ಕೋಟಿ ವರ್ಷ.
ಹೆಬ್ಬಾಳದ ಮೇಲ್ಸೇತುವೆಯಲ್ಲಿ ಲಾರಿ ಹೋದರೆ
ಸೂಕ್ಷ್ಮದರ್ಶಕ ನಡುಗಿ, ಕಾಲಾಡಿಸಿದಂತೆ ಕಾಣುತ್ತದೆ.
ಬೆನ್ನಿನ ಚಿಪ್ಪು ಅರೆ ತೆರೆದಿದೆ:
ಇದು ಪ್ರಭೇದದ ಲಕ್ಷಣವೋ,
ಅಂದು ಹಾರಲು ಹೊರಟಿತ್ತೋ?
ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ.

ಲ್ಯಾಟಿನ್ನಿನ ಬಾಲ ಹಚ್ಚಿ
ದಸ್ತಗೀರಣ್ಣನ ಹೆಸರನ್ನೇ ಇಟ್ಟೆ.
ಫೋನಿನಲ್ಲಿ ತುಸು ಸುಮ್ಮನಿದ್ದು ಕೇಳಿದ:
"ಕಚ್ತಿತ್ತಾ ಅದು?"