ಕೂರಿಸುವ ಮುನ್ನ

ಬೈತಖೋಲದ ಸೊಸೈಟಿ ಕಚೇರಿ, ಜುಲೈ ಕೊನೆಯ ವಾರ.
ಬಲೆಗಳೆಲ್ಲ ಶೆಡ್ಡಿನಲ್ಲಿ ಮಡಚಿ ಬಿದ್ದಿವೆ.
ನಾನು ನೆಲದ ಮೇಲೆ ಕೂತು ಪೆಟ್ಟಿಗೆಯ ಬೆನ್ನು ಬಿಚ್ಚಿದ್ದೇನೆ.
ಉಪ್ಪುಗಾಳಿ ಮೊದಲು ತಿನ್ನುವುದು ಸಣ್ಣ ತಿರುಪುಗಳನ್ನು,
ಆಮೇಲೆ ತಂತಿಯ ಬಾಯಲ್ಲಿರುವ ಲೋಹದ ಹಲ್ಲುಗಳನ್ನು.
ಎಂಟರಲ್ಲಿ ಮೂರು ಹಸಿರಾಗಿವೆ.
ಸ್ಪಿರಿಟ್ಟು, ಹಳೆಯ ಟೂತ್‌ಬ್ರಷ್ಷು, ಒಂದಷ್ಟು ಬೈಗುಳ.

ಆಗಸ್ಟ್ ಒಂದಕ್ಕೆ ಬೋಟುಗಳು ಹೊರಡುತ್ತವೆ.
ಅಷ್ಟರೊಳಗೆ ಡೇಟಾಬೇಸ್ ಏಳಬೇಕು ಎಂದಿದ್ದಾರೆ ಸೆಕ್ರೆಟರಿ,
ಇಡ್ಲಿ ಹಿಟ್ಟು ಏಳಬೇಕು ಅಂದಷ್ಟು ಸಲೀಸಾಗಿ.

"ಇನ್ನೂ ಹಾಕಲಿಲ್ಲವೇನೇ?"
ಗಂಟೆಗೊಮ್ಮೆ ಗುಮಾಸ್ತ ಶಾಬುಕಾಕಾ.
ಹಾಕುವುದು ಹತ್ತು ನಿಮಿಷ, ಕಾಕಾ.
ಹಾಕಲು ಜಾಗ ಮಾಡುವುದೇ ಮೂರು ದಿನ.

"ಬೋಟಿಗೂ ಹಾಗೇ. ಇಳಿಸುವ ಮೊದಲು
ಸಂದಿ ಸಂದಿಗೆ ಹತ್ತಿ ತುರುಕಿ..."
ಹಾಗಲ್ಲ, ಎಂದೆ.
ಬೋಟು ಸೋರಿದರೆ ಕಾಲು ಒದ್ದೆಯಾಗುತ್ತದೆ.
ಇದು ಸೋರಿದರೆ ಯಾರ ಕಾಲಿಗೂ ತಿಳಿಯದು;
ಮಾರ್ಚಿನಲ್ಲಿ ಡೀಸೆಲ್ ಲೆಕ್ಕ ಕೇಳಿದಾಗಷ್ಟೇ
ತಾಂಡೇಲರ ನಲವತ್ತು ಲೀಟರ್
ಎಲ್ಲಿ ಇಂಗಿತೆಂದು ಹುಡುಕಬೇಕು.

ಡಿಸ್ಕು ನೂರಕ್ಕೆ ತೊಂಬತ್ತೊಂದು ತುಂಬಿದೆ.
ತೆರೆದು ನೋಡಿದರೆ ಯಾರದೋ ಮದುವೆ, ಮೂರು ಪ್ರತಿ,
ಮೂರರಲ್ಲೂ ಅದೇ ಹುಡುಗ ಅದೇ ಲಾಡು ಜೇಬಿಗಿಳಿಸುತ್ತಾನೆ.
ಎರಡನ್ನು ಅಳಿಸಿದೆ. ಒಂದು ಇರಲಿ, ಪೆನ್ ಡ್ರೈವಿಗೆ.

ಡೇಟಾಬೇಸಿಗೆಂದೇ ಒಬ್ಬನನ್ನು ಹುಟ್ಟಿಸಿದೆ:
ಮನೆಯಿಲ್ಲದವನು, ಹೊರಗಿನಿಂದ ಒಳಬರಲಾರದವನು,
ಒಂದೇ ಕೋಣೆಯ ಕೀಲಿಕೈ, ಬೇರೆ ಏನನ್ನೂ ಮುಟ್ಟಲಾರ.
"ಇಂಥ ಖಜಾಂಚಿ ನಮಗೆ ಸಿಗಲೇ ಇಲ್ಲವಲ್ಲ,"
ಎಂದು ಶಾಬುಕಾಕಾ ಎಲೆಗೆ ಸುಣ್ಣ ಸವರಿದರು.

ಪೆಟ್ಟಿಗೆಗೆ ಅರವತ್ತೈದು ಸಾವಿರ ಪೋರ್ಟುಗಳು;
ಒಂದನ್ನು ತೆರೆದಿಟ್ಟು ಉಳಿದವನ್ನು ಮುಚ್ಚಿದೆ.
"ಅಷ್ಟೊಂದೇ? ನಮಗಿರುವುದು ಒಂದು ಬಂದರು,
ಅದರಲ್ಲೂ ಹೂಳು."

ಆಮೇಲೆ ಗಡಿಯಾರ.
ಇಷ್ಟು ವರ್ಷ ಇದು ಐದೂವರೆ ಗಂಟೆ ಹಿಂದೆಯೇ ಬದುಕಿದೆ.
ನಸುಕಿನ ನಾಲ್ಕಕ್ಕೆ ಹೊರಟ ಬೋಟೆಲ್ಲ
ಹಿಂದಿನ ರಾತ್ರಿ ಹತ್ತೂವರೆಗೇ ಹೊರಟಿವೆ ಇದರ ಪಾಲಿಗೆ.
ಮನೆಯಲ್ಲಿ ಊಟಕ್ಕೆ ಕೂತಿದ್ದವರನ್ನು
ಯಂತ್ರ ಆಗಲೇ ಸಮುದ್ರಕ್ಕೆ ಕಳಿಸಿಬಿಟ್ಟಿತ್ತು.

ಕೊನೆಗೆ, ಹಳೆಯದನ್ನು ಕೀಳಬೇಕು.
ಆಗ್ನೆಲ್ ಎಂದೋ ಕೂರಿಸಿಟ್ಟು ಹೋದ ಹಳೆ ಆವೃತ್ತಿ
ಮೂಲೆಯ ಫೋಲ್ಡರಿನಲ್ಲಿ ಬೇರು ಬಿಟ್ಟಿದೆ.
ಕೀಳುವ ಮೊದಲು ಪ್ರತಿ ತೆಗೆ ಎನ್ನುತ್ತದೆ ಕೈಪಿಡಿ.
ಪ್ರತಿ ತೆಗೆಯುವಾಗ ಓದಬಾರದು. ಓದಿದೆ.

ನರಸಿಂಹ ಪ್ರಸಾದ. ಆರು ಜನ.
ಹೊರಟದ್ದು ಇದೆ.
ಮರಳಿದ ಹೊತ್ತು: ಖಾಲಿ.
ಸೊನ್ನೆಯೂ ಅಲ್ಲ, ಗೀಟೂ ಅಲ್ಲ,
ಬರೆಯಬೇಕಾದಲ್ಲಿ ಬರಿಯ ಬಿಳಿ.

ಬೆರಳು ಕೀಲಿಮಣೆ ಮೇಲೇ ನಿಂತಿತು.
ಹೊರಗೆ ಕಡಲು ಬಂಡೆಗೆ ಬಡಿಯುತ್ತಿತ್ತು,
ದೇವಗಡದ ದೀಪ ಮಳೆಯಲ್ಲಿ ಕಾಣದು.
ಹೇಗೆ ಕೇಳುವುದು? ಕೇಳಿದೆ.

ಶಾಬುಕಾಕಾ ಕನ್ನಡಕ ಏರಿಸಿದರು,
ತುಟಿ ಅಲ್ಲಾಡಿಸುತ್ತ ಓದಿದರು,
ಆಮೇಲೆ ಎಲೆ ತುಂಬಿದ ಬಾಯಲ್ಲೇ ನಕ್ಕರು.
"ಪುರ್ಸು ದುರ್ಗೇಕರನದು! ಅವ ಬಂದ, ಎಲ್ಲರೂ ಬಂದರು,
ಹನ್ನೆರಡು ಬುಟ್ಟಿ ಬಾಂಗಡೆ ಸಿಕ್ಕಿತ್ತು ಆ ದಿನ.
ಕರೆಂಟು ಹೋಗಿತ್ತು, ಬರೆಯಲಿಲ್ಲ.
ಈಗ ಅಗೋ, ಎದುರಿಗೆ ಐಸ್ ಒಡೆಯುತ್ತಾನೆ."

ಕಿಟಕಿಯಿಂದ ನೋಡಿದೆ.
ನೀಲಿ ಬನಿಯನ್ನಿನ ಒಬ್ಬ, ಕೈಯಲ್ಲಿ ಕೊಡತಿ,
ಯಾರಿಗೋ ಕೊಂಕಣಿಯಲ್ಲಿ ಜೋರಾಗಿ ಬೈಯುತ್ತಿದ್ದ.
ಹತ್ತು ವರ್ಷದಿಂದ ಈ ಪೆಟ್ಟಿಗೆಯೊಳಗೆ
ಅವನು ಕಡಲಲ್ಲೇ ಇದ್ದಾನೆ.

"ತುಂಬಿಬಿಡು, ಸಂಜೆ ಐದು ಅಂತ," ಎಂದರು.
ಐದೋ, ಆರೋ?
"ಯಾರಿಗೆ ನೆನಪು."
ತುಂಬಲಿಲ್ಲ.
ಗೊತ್ತಿಲ್ಲದ್ದಕ್ಕೂ ಒಂದು ಮನೆ ಬೇಕು, ಕಾಕಾ,
ಹೊಸದರಲ್ಲಿ ಅದಕ್ಕೂ ಜಾಗ ಬಿಟ್ಟಿದ್ದೇನೆ.

ಸಂಜೆ ಕರೆಂಟು ಹೋಯಿತು.
ಯುಪಿಎಸ್ ಹನ್ನೊಂದು ನಿಮಿಷ ಚೀರಿ ತಡೆಯಿತು;
ಬರೆದುಕೊಂಡೆ: ಹನ್ನೊಂದು, ಸಾಲದು.
ಬ್ಯಾಟರಿ ಬದಲಾಗದೆ ಕೂರಿಸುವಂತಿಲ್ಲ.
ಅಂದರೆ ನಾಳೆಯೂ ಇಲ್ಲ.

"ಇನ್ನೂ ಹಾಕಲಿಲ್ಲವೇನೇ?"