ಉಳಿದ ಚೀಟಿಗಳು

ಕೋಪನ್‌ಹೇಗನ್ನಿನ ಆ ಪ್ರಯೋಗಶಾಲೆಯಲ್ಲಿ
ಥೂರಾ ಮ್ಯೋಲ್ಗೋರಳಿಗೆ ಕೆಲಸ ಎರಡೇ:
ಮರಿಕೋಳಿಗಳಿಗೆ ಕಾಳು ಹಾಕುವುದು,
ವಿಟಮಿನ್ ಸೀಸೆಗಳಿಗೆ ಚೀಟಿ ಅಂಟಿಸುವುದು.
ಆಲೂಗಡ್ಡೆ ಹಿಟ್ಟಿನ ಅಂಟು ಚಳಿಗೆ ಗಟ್ಟಿಯಾದರೆ
ಅಂಗೈಗಳ ನಡುವೆ ಡಬ್ಬಿ ಇಟ್ಟು ಉಜ್ಜುತ್ತಾಳೆ.

ಇನ್ನೂ ಯಾರೂ ಕಣ್ಣಾರೆ ಕಾಣದ್ದಕ್ಕೆ
ಹೆಸರಿಡುವುದು ಹೇಗೆ?
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಿದ್ದರು ದೊಡ್ಡವರು.
ಕೊಬ್ಬಿನಲ್ಲಿ ಕರಗಿದ್ದು ಎ, ನೀರಿನಲ್ಲಿ ಬಿ,
ನಿಂಬೆಯೊಳಗಿನದು ಸಿ, ಮೀನೆಣ್ಣೆಯದು ಡಿ,
ಆಮೇಲೆ ಸಾಲು ಸರಿಯಾಗಿ ನಿಲ್ಲಲಿಲ್ಲ.

ಎಫ್ ಬಂತು. ತಿಕ್ಕಿ ನೋಡಿದರೆ ಬರೀ ಕೊಬ್ಬು.
ಚೀಟಿ ಕಿತ್ತಳು.
ಜಿ, ಬಿಯ ಮನೆಗೇ ಸೇರಬೇಕಾದವಳಂತೆ;
ಹೋದವಳಿಗೆ ಅಲ್ಲಿ ಸಿಕ್ಕಿದ್ದು ಎರಡನೇ ಮಣೆ.
ಎಚ್ ಕೂಡ ಅದೇ ದಾರಿ.
ಮನೆ ತುಂಬಿ ನಾಲ್ಕನೆಯವನನ್ನು ಹೊರಗೆ ಹಾಕಿದರು,
ಎಂಟನೆಯವನನ್ನೂ.
ಹಲ್ಲು ಬಿದ್ದ ಬಾಯಿಯ ಹಾಗೆ ಇಂದಿಗೂ ಆ ಎಣಿಕೆ.

ನಡುವೆ ಒಂದು ಮರಿ, ರೆಕ್ಕೆಯ ಕೆಳಗೆ
ಒಸರಿದ ರಕ್ತ ನಿಲ್ಲದೆ
ಅವಳ ಏಪ್ರನ್ನಿನಲ್ಲೇ ತಣ್ಣಗಾಯಿತು.
ಉಳಿದ ಮರಿಗಳನ್ನು ಕಾದದ್ದಕ್ಕೆ ಕೆ ಎಂದರು,
ಹೆಪ್ಪುಗಟ್ಟುವುದಕ್ಕೆ ಅವರ ಮಾತಿನಲ್ಲಿರುವ ಪದದ ಮೊದಲಕ್ಷರ.
ಸರದಿ ಮುರಿದು ಬಂದ ಕೆ.
ಆ ಚೀಟಿಗೆ ಮಾತ್ರ ಎರಡು ಸಲ ಅಂಟು ಬಳಿದಳು.

ಅಕ್ಷರವೆಂದರೆ ಕ್ಷಯವಿಲ್ಲದ್ದು, ನಮ್ಮ ಕಡೆ.
ಅವಳಿಗೆ ಆ ಮಾತು ಗೊತ್ತಿಲ್ಲ. ಆದರೂ
ಅಚ್ಚಾಗಿ ಬಂದು ಬಳಸದೆ ಉಳಿದ ಕಟ್ಟುಗಳನ್ನು
ಒಲೆಗೆ ಹಾಕಲು ಬಿಡಲಿಲ್ಲ;
ನಿವೃತ್ತಿಯ ದಿನ ಸೈಕಲ್ ಬುಟ್ಟಿಯಲ್ಲಿ ಮನೆಗೆ ತಂದಳು.

ಈಗ ಅಡುಗೆಮನೆಯ ಕಪಾಟಿನಲ್ಲಿ ಜಾಮಿನ ಸೀಸೆಗಳು.
ವಿಟಮಿನ್ ಎಚ್: ಹಿಂಡ್‌ಬೇರ್, ಅಂದರೆ ರಾಸ್ಪ್‌ಬೆರಿ.
ವಿಟಮಿನ್ ಜೆ: ಯೋರ್‌ಬೇರ್, ಸ್ಟ್ರಾಬೆರಿ, ಈ ವರ್ಷ ತುಸು ನೀರು.
ಎಸ್ ಎಂದರೆ ಸೋಲ್‌ಬೇರ್, ಕಪ್ಪಗೆ, ನಾಲಿಗೆಗೆ ಹುಳಿ.
ಎಫ್‌ಗೆ ಯಾವ ಹಣ್ಣೂ ಒದಗಲಿಲ್ಲ;
ಅದರೊಳಗೆ ಗುಂಡಿ, ಸೂಜಿ, ಮುರಿದ ಒಂದು ಬೀಗದ ಕೈ.

ತಂಗಿಯ ಮೊಮ್ಮಗ, ಡಾಕ್ಟರಿಕೆ ಓದುವವನು,
ಸೀಸೆ ಎತ್ತಿ ನಗುತ್ತಾನೆ:
"ವಿಟಮಿನ್ ಎಚ್? ಅಂಥದ್ದು ಈಗ ಇಲ್ಲ, ಥೂರಜ್ಜಿ."
ರೈ ಬ್ರೆಡ್ಡು ಕೊಯ್ಯುತ್ತ ಬೆರಳನ್ನೂ ಕೊಯ್ದುಕೊಂಡವಳು
ಬೆರಳು ಬಾಯಲ್ಲಿಟ್ಟುಕೊಂಡೇ
ಚಮಚ ಅವನತ್ತ ನೂಕುತ್ತಾಳೆ.
ಹಚ್ಚಿಕೋ, ದಪ್ಪಗೆ.
ಆಮೇಲೆ ಬೆರಳು ಹೊರತೆಗೆದು, ಕಿಟಕಿಯ ಬೆಳಕಿಗೆ ಹಿಡಿದು
ನೋಡುತ್ತಾಳೆ. ನಿಂತಿದೆ.